ಹುಳದ ಮನೆ ಬಾಗಿಲ ಸರ

ಎದುರುಮನೆ ದೊಡ್ಡವ್ವನ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪು. ಉಗುರಿನ ಸಂದಿನಲ್ಲಿ, ಗೆಣ್ಣಿನ ಮಡಿಕೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಾಲು ಇಳಿದು, ಒಣಗಿ, ಕಲೆಯಾಗಿ ನಿಂತುಬಿಟ್ಟಿತ್ತು. ಮದುವೆಮನೆಗೆ ಹೊರಡುವಾಗ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಬೆರಳು ಉರಿಯುತ್ತಿತ್ತೇ ಹೊರತು ಕಲೆ ಹೋಗುತ್ತಿರಲಿಲ್ಲ. "ಬುಡತ್ಲಾಗೆ, ಇದೇ ನನ್ನುಂಗುರ" ಅಂದು ಚನ್ನಪಟ್ಟಣದ ಬಸ್ಸು ಹತ್ತುತ್ತಿದ್ದಳು.

ನಾನು ಮಾಗಡಿ ಕಡೆಯವಳು. ರಾಗಿ, ಅವರೆ ಗೊತ್ತಿತ್ತು. ರೇಷ್ಮೆಹುಳದ ಮುಖ ನೋಡಿದವಳಲ್ಲ. ಹೊಂಗನೂರು ಕಡೆಗೆ ಸೊಸೆಯಾಗಿ ಬಂದಾಗ ಅತ್ತೆ ತೀರಿಕೊಂಡಿದ್ದರು, ಹೇಳಿಕೊಡುವವರು ಇರಲಿಲ್ಲ. ನಮಗೆ ನೆಂಟಳೂ ಅಲ್ಲದ, ದಾಯಾದಿಯೂ ಅಲ್ಲದ ದೊಡ್ಡವ್ವ ತಾನಾಗಿಯೇ ಬೀದಿ ದಾಟಿ ಬಂದಳು. ಹುಳ ಮೇವು ಬಿಟ್ಟು ತಲೆ ಎತ್ತಿ ಅಲುಗಾಡದೆ ಕೂತರೆ ಅದನ್ನು ಜ್ವರ ಅನ್ನುತ್ತಾರೆ. ನಾಲ್ಕು ಸಲ ಹಾಗೆ ಕೂತು, ಪೊರೆ ಬಿಟ್ಟು, ದೊಡ್ಡದಾಗಿ ಏಳುತ್ತವೆ. ಇದು ನನಗೇನು ಗೊತ್ತು? ಮೊದಲ ಸಲ ನೋಡಿದಾಗ ತಟ್ಟೆಗಟ್ಟಲೆ ಹುಳ ಸತ್ತೇಹೋದವು ಅಂತ ಬೀದಿಗೆ ಬಂದು ಗೋಳಾಡಿದ್ದೆ. ದೊಡ್ಡವ್ವ ಬಂದು ನೋಡಿ, ಕಂಬ ಹಿಡಿದುಕೊಂಡು ನಕ್ಕಳು. "ನಿದ್ದೆ ಮಾಡೋವ್ಕೆ ತಿಥಿ ಮಾಡ್ಬುಡ್ತಿದ್ದೆಯಲ್ಲೇ!" ಅಂದಳು. ಆ ಮಾತನ್ನು ವರ್ಷಗಟ್ಟಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದಳು ಪುಣ್ಯಾತಗಿತ್ತಿ.

ಅವಳ ಹುಳದ ಮನೆಯ ಬಾಗಿಲಿಗೆ ಮಾವಿನ ತೋರಣದ ಬದಲು ಗೂಡಿನ ಸರ ಇರುತ್ತಿತ್ತು. ಒಂದೊಂದು ಬೆಳೆ ಬಂದಾಗಲೂ ಗೂಡಿನ ರಾಶಿಯೊಳಗೆ ಕಣ್ಣು ಮುಚ್ಚಿ ಕೈ ಹಾಕಿ ಒಂದನ್ನು ತೆಗೆಯುವುದು, ಒಳಗಿನ ಹುಳ ಚಿಟ್ಟೆಯಾಗಿ ಹೊರಬರದಂತೆ ಒಲೆಯ ಕಾವಿಗಿಟ್ಟು ಒಣಗಿಸುವುದು, ದಪ್ಪ ದಾರಕ್ಕೆ ಪೋಣಿಸುವುದು. ಬೆಳೆ ಕೈಕೊಟ್ಟರೆ ಗೂಡಿನ ಜಾಗದಲ್ಲಿ ದಾರಕ್ಕೆ ಒಂದು ಗಂಟು. ಚೆನ್ನಾಗಿರುವುದನ್ನು ಆರಿಸಿ ಪೋಣಿಸಬಾರದೇ ಎಂದು ಕೇಳಿದ್ದೆ. "ಅಂಗಾದ್ರೆ ಅದು ಶೋಕಿಗೆ ಆಯ್ತದೆ ಕಣವ್ವ. ಇದು ನಾನು ನೋಡ್ಕೊಳ್ಳೋಕೆ" ಅಂದಳು. ಹೊಸ ಗೂಡನ್ನು ಆ ಕಪ್ಪು ಹೆಬ್ಬೆರಳಿನಲ್ಲಿ ಅಮುಕಿ, ಆಮೇಲೆ ಹಿಂದಿನ ಬೆಳೆಯದನ್ನು ಅಮುಕಿ ನೋಡುವಳು. ಗಟ್ಟಿಯಾಗಿದ್ದರೆ "ಹ್ಞೂಂ". ಮೆತ್ತಗಿದ್ದರೆ "ಯಾಕೋ?" ಅಷ್ಟೇ ಅವಳ ಪರೀಕ್ಷೆ. ಆ "ಯಾಕೋ" ಅನ್ನುವುದು ಬಂದರೆ ಮುಂದಿನ ಬೆಳೆಯವರೆಗೂ ಅವಳ ತಲೆಯೊಳಗೆ ಅದೇ ಕೊರೆಯುತ್ತಿತ್ತು.

ಊರಿನವರ ಪರೀಕ್ಷೆಯೇ ಬೇರೆ. ಬಸ್ ಸ್ಟಾಪಿರಲಿ, ನಲ್ಲಿಯಿರಲಿ, ಸಾವಿನ ಮನೆಯಿರಲಿ, "ನೂರು ಮೊಟ್ಟೆಗೆ ಎಷ್ಟು ಕೆಜಿ ಗೂಡು ಬಂತು?" ಅನ್ನುವುದೊಂದೇ ಪ್ರಶ್ನೆ. ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ ಅದು. ನನ್ನ ಗಂಡನ ಅಣ್ಣ ಅಲ್ಲಿ ಕೆಲಸಕ್ಕೆ ಸೇರಿದರು. ಅವರ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಶೀಟು ಹಾಕಿಸಿ ಹೊಸ ಹುಳದ ಮನೆ ಕಟ್ಟಿಸಿದಳು, ಪಕ್ಕದ ತೋಟವನ್ನೂ ಗುತ್ತಿಗೆಗೆ ಹಿಡಿದಳು, ಬಿಳಿಗೂಡಿನ ತಳಿ ತಂದಳು. ನಮ್ಮದು ಹೆಂಚಿನ ಮನೆ, ಹಳದಿ ಗೂಡು, ಅವಳದರಲ್ಲಿ ಅರ್ಧ ತೋಟ. ಅವಳ ಗೂಡು ರಾಮನಗರದ ಮಾರುಕಟ್ಟೆಗೆ ಹೋದ ದಿನವೆಲ್ಲ ನನಗೆ ಅನ್ನ ಸೇರುತ್ತಿರಲಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ?

ಒಂದು ಸಲ ಹಠ ಹತ್ತಿ, ಅವಳು ಎಷ್ಟು ಮೊಟ್ಟೆ ತಂದಳೋ ನಾನೂ ಅಷ್ಟೇ ತರಿಸಿದೆ. "ನವಿಲು ಕುಣೀತು ಅಂತ ಕೆಂಬೂತ ಪುಕ್ಕ ಕೆದರ್ತಂತೆ" ಎಂದು ಗಂಡ ಗೊಣಗಿದರು. ದೊಡ್ಡವ್ವ ಮಾತ್ರ ನನ್ನ ತೋಟದ ಕಡೆ ಒಂದು ಸಲ, ತಟ್ಟೆಗಳ ಕಡೆ ಒಂದು ಸಲ ನೋಡಿ, "ಹುಳ ತನ್ ಹೊಟ್ಟೆ ನೋಡ್ತದೆ ಕಣವ್ವ, ನಿನ್ ಓರಗಿತ್ತಿ ಮನೆ ನೋಡಲ್ಲ" ಅಂದಳು.

ಅವಳು ಅಂದಂತೆಯೇ ಆಯಿತು. ನಾಲ್ಕನೇ ಜ್ವರ ಎದ್ದ ಹುಳ ಬಕಾಸುರನ ಸಂತಾನ. ಗೂಡು ಕಟ್ಟಲು ಇನ್ನೂ ದಿನಗಳು ಬೇಕಿದ್ದಾಗಲೇ ನನ್ನ ತೋಟ ಬರೀ ಕಡ್ಡಿಯಾಯಿತು. ಓರಗಿತ್ತಿಯ ಸೊಪ್ಪು ಅವಳ ಹುಳಕ್ಕೇ ಸರಿಹೋಗುತ್ತಿತ್ತು. ಕೊಳ್ಳೋಣವೆಂದರೆ ರಸ್ತೆಬದಿಯ ತೋಟಗಳೆಲ್ಲ ಆಗಲೇ ಕಂಪನಿಗಳ ಬೇಲಿಯೊಳಗೆ ಸೇರಿಹೋಗಿದ್ದವು. ಬೆಳಿಗ್ಗೆ ತಟ್ಟೆ ಎಳೆದು ನೋಡಿದರೆ ಹುಳಗಳೆಲ್ಲ ಬರಿದಾದ ದಂಟಿನ ಮೇಲೆ ತಲೆ ಎತ್ತಿ ಆ ಕಡೆ ಈ ಕಡೆ ಹುಡುಕುತ್ತಿದ್ದವು. ನನಗೆ ಅಳು ತಡೆಯಲಾಗಲಿಲ್ಲ.

ದೊಡ್ಡವ್ವ ಬಂದಳು. "ಏನವ್ವ, ಮೊಕ ಇಂಗ್ ಮಾಡ್ಕೊಂಡು ಕೂತಿದ್ದೀಯೆ?"

"ತಿಪ್ಪೆಗೆ ಚೆಲ್ಬುಡ್ತೀನಿ ದೊಡ್ಡವ್ವ. ಈ ಕಸುಬು ನನ್ ಕೈಲಾಗಲ್ಲ. ನಾಳೆಯಿಂದ ಗಾರ್ಮೆಂಟ್ಸ್ ಬಸ್ಸು ಹತ್ತುತ್ತೀನಿ."

"ಹತ್ತುವಂತೆ ಬುಡು. ಮೊದ್ಲು ಕುಡ್ಲು ತಕೊ. ನನ್ ತೋಟಕ್ಕೆ ನಡಿ."

ಅವಳ ತೋಟ ಎದೆಯೆತ್ತರ ನಿಂತಿತ್ತು. ಅದು ಅವಳ ಮುಂದಿನ ಬೆಳೆಯ ಸೊಪ್ಪು; ಮೊಟ್ಟೆಗೂ ಹೇಳಿಬಿಟ್ಟಿದ್ದಳು.

"ನಿನ್ ಹುಳಕ್ಕೆ?" ಎಂದೆ.

"ನನ್ನವು ಇನ್ನೂ ಮೊಟ್ಟೇಲೇ ಅವೆ. ಮೊಟ್ಟೆಗೆ ಹಸಿವಾಯ್ತದಾ? ಆ ಮೊಟ್ಟೆನ ಬೇರೆ ಯಾರಾದ್ರೂ ತಕೊಂಡೋಯ್ತಾರೆ. ನಿನ್ನವು ಬಾಯ್ ಬುಡ್ತಾ ಅವೆ, ನಡಿ ಅಂದ್ರೆ!"

ಸೊಪ್ಪು ಕೊಯ್ಯುತ್ತಾ ಒಂದೇ ಒಂದು ಮಾತು ಆಡಿದಳು. ಬೈಯಲಿಲ್ಲ. "ನಿನ್ ಓರಗಿತ್ತಿ ಗೂಡು ಅವಳ ತೋಟದ್ದು, ಅವಳ ಕೈದು. ಅದ್ರ ಪಕ್ಕ ನಿಂದು ಇಟ್ರೆ ನಿಂಗೇನ್ ತಿಳೀತದೆ? ಹೊಟ್ಟೆ ಉರೀತದೆ ಅಷ್ಟೆಯ. ನಿನ್ ಹಿಂದ್ಲು ಬೆಳೆ ಗೂಡಿನ ಪಕ್ಕ ಇಡು. ಆಗ ತಿಳೀತದೆ ನೀನೇನ್ ಕಲ್ತೆ ಅಂತ."

ಹುಳ ಹಣ್ಣಾದವು, ಗೂಡು ಕಟ್ಟಿದವು. ಬಿಡಿಸುವ ದಿನ ದೊಡ್ಡವ್ವ ಕಣ್ಣು ಮುಚ್ಚಿ ರಾಶಿಗೆ ಕೈ ಹಾಕಿ ಒಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. "ನಿನ್ ಸರಕ್ಕೆ ಮೊದಲ್ನೇದು." ಒಂದು ಕಡೆ ಸೊಟ್ಟಗೆ, ತೆಳ್ಳಗಿತ್ತು. ಬೇರೆಯದು ತೆಗೆಯುತ್ತೇನೆ ಎಂದರೆ ಕೇಳಲಿಲ್ಲ. "ಕೈಗೆ ಬಂದದ್ದೇ ನಿಂದು" ಅಂದಳು.

ಆ ಸಂಜೆ ಅವಳ ಬಾಗಿಲಲ್ಲಿ ನೋಡಿದರೆ ಸರದ ಕೊನೆಗೆ ಹೊಸ ಗಂಟು. "ಇದ್ಯಾಕೆ ದೊಡ್ಡವ್ವ? ನಿನ್ ಬೆಳೆ ಹೋಗಿಲ್ವಲ್ಲ, ನನಗೋಸ್ಕರ ಬಿಟ್ಟೆ."

"ಹೋದ್ರೂ ಗಂಟೇ, ಬುಟ್ರೂ ಗಂಟೇ. ಸರಕ್ಕೆ ಸುಳ್ ಹೇಳ್ಬಾರದು."

ನಾನು ಗಾರ್ಮೆಂಟ್ಸ್ ಬಸ್ಸು ಹತ್ತಲಿಲ್ಲ. ಬೆಳೆಯಿಂದ ಬೆಳೆಗೆ ಸರ ಬೆಳೆಯಿತು. ಒಂದು ಬೆಳೆಗೆ ಗೂಡು ಮೆತ್ತಗಾದರೆ ನಾನೂ "ಯಾಕೋ?" ಎಂದು ಯೋಚಿಸಲು ಕಲಿತೆ. ಬಿಸಿಲೇರಿದ ಮೇಲೆ ಕೊಯ್ದ ಬಾಡು ಸೊಪ್ಪು ಹಾಕಿದ್ದೆ, ಅದಕ್ಕೆ. ಸುಣ್ಣ ಬಳಿಯಲು ಸೋಮಾರಿತನ ಮಾಡಿದ್ದೆ, ಅದಕ್ಕೆ. ಓರಗಿತ್ತಿಯ ಮೇಲಿನ ಹೊಟ್ಟೆಕಿಚ್ಚು ಪೂರ್ತಿ ಹೋಯಿತು ಎಂದರೆ ಅದು ಸುಳ್ಳು. ಆದರೆ ಅವಳ ಗೂಡು ಮಾರುಕಟ್ಟೆಗೆ ಹೋದ ದಿನವೂ ಅನ್ನ ಸೇರತೊಡಗಿತು.

ದೊಡ್ಡವ್ವನ ಕೊನೆಕೊನೆಯ ವರ್ಷಗಳಲ್ಲಿ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ನನ್ನದಾಯಿತು. ಕೈ ನಡುಗುತ್ತಿತ್ತು, ಕಣ್ಣು ಮಂಜಾಗಿತ್ತು. ರಸ್ತೆಬದಿಯ ಅರ್ಧ ತೋಟ ಕಂಪನಿಗೆ ಹೋಗಿತ್ತು. ಉಳಿದರ್ಧದಲ್ಲೇ ಒಸಿ ಹುಳ ಮೇಯಿಸುತ್ತಿದ್ದಳು. ಒಂದು ಬೆಳೆಯ ಗೂಡು ಬೆರಳಿಟ್ಟರೆ ತಗ್ಗುವಷ್ಟು ಮೆತ್ತಗಿತ್ತು. ನನಗೆ ಸಂಕಟವಾಗಿ, "ಇದು ಬ್ಯಾಡ ದೊಡ್ಡವ್ವ, ಇಷ್ಟು ಚೆನ್ನಾಗಿರೋ ಸರಕ್ಕೆ ಇದ್ಯಾಕೆ?" ಎಂದೆ.

ಅವಳು ಗೂಡನ್ನು ಅಮುಕಿ ನೋಡಿದಳು. ಈ ಸಲ "ಯಾಕೋ" ಅನ್ನಲಿಲ್ಲ. ಯಾಕೆಂದು ಅವಳಿಗೆ ಗೊತ್ತಿತ್ತು. "ಪೋಣ್ಸು" ಅಂದಳು. "ಜಾಸ್ತಿ ಬಂದಾಗ ನಂದು ನಂದು ಅಂದೋಳು, ಕಮ್ಮಿ ಆದಾಗ ಯಾರ್ದು ಅಂತ ಹೇಳ್ಲಿ?" ನಾನು ಪೋಣಿಸಿದೆ.

ಅವಳು ತೀರಿಕೊಂಡ ದಿನ ಅವಳ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಅವಳ ಮಗ ಸೂತಕದವನು, ಹುಳದ ಮನೆಗೆ ಕಾಲಿಡುವಂತಿರಲಿಲ್ಲ; ದಾಯಾದಿಯಲ್ಲದ ನನಗೆ ಸೂತಕವಿಲ್ಲ. ಹುಳ ಕಾಯುವುದಿಲ್ಲ. ಮಣ್ಣು ಮಾಡಿ ಬಂದು, ತಲೆಗೆ ಸ್ನಾನ ಮಾಡಿ, ನಾನೇ ಆ ಬಾಗಿಲು ತೆರೆದೆ. ಪಕ್ಕದ ಕಂಪನಿ ಜಾಗಕ್ಕೆ ಮಣ್ಣಿನ ಲಾರಿಗಳು ಓಡಾಡಿ ಅವಳ ಉಳಿದ ತೋಟದ ಎಲೆಯೆಲ್ಲ ಧೂಳು; ಹುಳದ ಬಾಯಿಗೆ ಇಡುವಂತಿರಲಿಲ್ಲ. ನನ್ನ ತೋಟ ಮಾತ್ರ ಎದೆಯೆತ್ತರ ನಿಂತಿತ್ತು. ನಾನೂ ಮೊಟ್ಟೆಗೆ ಹೇಳಿದ್ದೆ. ಬೇಡವೆಂದು ಹೇಳಿಕಳಿಸಿ, ಕುಡುಗೋಲು ತೆಗೆದುಕೊಂಡೆ. ಸೊಪ್ಪು ಹಾಕುವಾಗೆಲ್ಲ ಅತ್ತೆ. ಹುಳಗಳು ಮಾತ್ರ ತಮ್ಮ ಪಾಡಿಗೆ ಮೇಯುತ್ತಿದ್ದವು.

ಗೂಡು ಬಿಡಿಸಿದ ದಿನ ಕಣ್ಣು ಮುಚ್ಚಿ ಒಂದನ್ನು ತೆಗೆದೆ. ಒಣಗಿಸಿ, ಅವಳ ಸರದ ಕೊನೆಗೆ ಪೋಣಿಸುತ್ತಿದ್ದಾಗ ಅವಳ ಮಗ ಬಂದು ನಿಂತ. "ಅಕ್ಕಾ, ಮೇಯ್ಸ್ದೋಳು ನೀನು. ನಿನ್ ಸರಕ್ಕೆ ಹಾಕ್ಕೊ" ಅಂದ.

"ನಾಲ್ಕು ಜ್ವರ ಎಬ್ಬಿಸಿದ್ದು ಅವ್ವ ಕಣಪ್ಪ" ಅಂದೆ.

ಮನೆಗೆ ಬಂದು ನನ್ನ ಸರ ಇಳಿಸಿದೆ. ಆ ಸಲ ನನಗೆ ಬೆಳೆ ಇರಲಿಲ್ಲ. ಸರಕ್ಕೆ ಸುಳ್ಳು ಹೇಳಬಾರದು. ಒಂದು ಗಂಟು ಹಾಕಿದೆ.

ಈಗಲೂ ಹೊಸ ಗೂಡು ಪೋಣಿಸುವಾಗ ಹಿಂದಿನದನ್ನು ಅಮುಕಿ ನೋಡುತ್ತೇನೆ. ಹಾಗೇ ಬೆರಳು ಸರದ ಉದ್ದಕ್ಕೂ ಹೋಗುತ್ತದೆ. ಒಂದು ತುದಿಯಲ್ಲಿ ಓರಗಿತ್ತಿಯ ಮೇಲಿನ ಹಠಕ್ಕೆ ಮೇಯಿಸಿದ ಆ ಸೊಟ್ಟ ಗೂಡು ಇದೆ. ನಾನು ಎಷ್ಟು ಬೆಳೆದೆ ಅಂತ ಅನುಮಾನ ಬಂದ ದಿನ ಅದನ್ನೊಂದು ಸಲ ಮುಟ್ಟುತ್ತೇನೆ, ಆಮೇಲೆ ದೊಡ್ಡವ್ವನ ಹುಳಕ್ಕೆ ನನ್ನ ಸೊಪ್ಪು ಹಾಕಿದ ಸಲದ ಆ ಗಂಟನ್ನು ಮುಟ್ಟುತ್ತೇನೆ.