ಪಕ್ಕದ ಸೀಟಿನ ಮರಳು ಮೂಟೆ

ವೇಣೂರಿನಲ್ಲಿ ಬೆಳಗಿನ ಐದೂವರೆ. ಹೊಳೆ ಬದಿಯ ತಗಡಿನ ಶೆಡ್ಡಿನಲ್ಲಿ ಮೆಕ್ಯಾನಿಕ್ ಹಸನಬ್ಬ ಜೀಪಿನ ಮುಂದೆ ಮಂಡಿಯೂರಿದ್ದಾರೆ. ಕೈಯಲ್ಲಿ ಬಿದಿರಿನ ಕೋಲು. ಮುಂದಿನ ಎರಡು ಚಕ್ರಗಳ ನಡುವೆ ಅದನ್ನು ಅಡ್ಡ ಹಿಡಿದು ಮೊದಲು ಹಿಂಬದಿಯ ಅಂತರ, ಆಮೇಲೆ ಮುಂಬದಿಯ ಅಂತರ ಅಳೆಯುತ್ತಾರೆ. ಮುಂಬದಿಯದ್ದು ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಕಡಿಮೆ ಇರಬೇಕು. ಇವತ್ತು ಎರಡು ಕಡ್ಡಿ ಕಡಿಮೆ ಇದೆ. ಹಸನಬ್ಬ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.

ಒಂಬತ್ತಕ್ಕೆ ಜೀಪಿನ ಧನಿ ಜೀವಂಧರ ಹೆಗ್ಡೆಯವರು ಬರುತ್ತಾರೆ. ಮಹಾಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ಈ ಜೀಪು, ರಸ್ತೆಯಿಲ್ಲದ ಗುಡ್ಡದ ಮನೆಗಳಿಂದ ಹೆರಿಗೆಯ ಹೆಂಗಸರನ್ನು ಕೆಳಗೆ ತರುತ್ತದೆ. ಕುಲುಕಾಟ ಜಾಸ್ತಿ ಎಂದು ದೂರು. ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಆಕ್ಸಲ್ ತೆಗೆಸಿ, ಕಾರಿನ ಹಾಗೆ ಒಂದೊಂದು ಚಕ್ರಕ್ಕೆ ಒಂದೊಂದು ಸುರುಳಿ ಸ್ಪ್ರಿಂಗ್ ಹಾಕಿಸಲು ಹೆಗ್ಡೆಯವರು ಮಂಗಳೂರಿನಲ್ಲಿ ಮಾತಾಡಿ ಬಂದಿದ್ದಾರೆ. ಇದೇ ಆಕ್ಸಲಿನಲ್ಲಿ ಕುಲುಕಾಟ ತಗ್ಗಿಸಿ ತೋರಿಸಲು ಹಸನಬ್ಬ ಎರಡು ದಿನದ ಗಡುವು ಕೇಳಿಕೊಂಡಿದ್ದರು. ಅದು ಇವತ್ತಿಗೆ ಮುಗಿಯುತ್ತದೆ. ಹಸನಬ್ಬರ ಕೈಯಲ್ಲಿ ರಿಪೇರಿಗೆಂದು ಉಳಿದಿರುವ ಜೀಪು ಇದೊಂದೇ.

“ಕಾರಿನದ್ದು ಡಾಂಬರು ರೋಡಿಗೆ ಒಳ್ಳೇದು, ನಾನು ಇಲ್ಲ ಅನ್ನುದಿಲ್ಲ,” ಎನ್ನುತ್ತಾರೆ ಹಸನಬ್ಬ. “ಗುಡ್ಡದಲ್ಲಿ ಒಂದು ಚಕ್ರ ಕಲ್ಲು ಹತ್ತಿದ್ರೆ ಈ ಆಕ್ಸಲ್ ಇನ್ನೊಂದನ್ನು ನೆಲಕ್ಕೆ ಒತ್ತಿ ಹಿಡೀತದೆ. ಕಾರಿನ ಚಕ್ರ ಹಿಡಿಯುವ ತೆಳು ಕಬ್ಬಿಣದ ಕೈ ಕಲ್ಲಿಗೆ ತಾಗಿ ಬಗ್ಗಿದ್ರೆ ಅಲ್ಲಿ ರಿಪೇರಿಗೆ ಯಾರುಂಟು? ಆ ಹೆಂಗಸು ಕಾಡಲ್ಲೇ ಹೆರ್ಬೇಕಾ?”

ಕೊಕ್ಕಡದ ಈ ಐವತ್ತೆರಡರ ಮನುಷ್ಯ ಕೆಲಸ ಕಲಿತದ್ದು ಯುದ್ಧಕಾಲದ ಪಟಾಲಮ್ಮಿನ ವರ್ಕ್‌ಶಾಪಿನಲ್ಲಿ. ಈ ಎರಡು ದಿನಗಳಲ್ಲಿ ಎರಡೂ ಬದಿಯ ಹತ್ತು ಹತ್ತು ಸ್ಪ್ರಿಂಗ್ ಪ್ಲೇಟುಗಳಲ್ಲಿ ಒಂದೊಂದನ್ನು ತೆಗೆದು, ಉಳಿದವುಗಳ ತುಕ್ಕು ಉಜ್ಜಿ ಗ್ರೀಸ್ ಹಚ್ಚಿದ್ದಾರೆ. ಆಕ್ಸಲ್ ತುಸು ಹಿಂದಕ್ಕೆ ಓರೆಯಾಗಲೆಂದು ಅದಕ್ಕೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ಬೆಣೆ ಇಟ್ಟಿದ್ದಾರೆ. “ಸೈಕಲಿನ ಫೋರ್ಕ್ ನೋಡಿ, ತಲೆ ಸ್ವಲ್ಪ ಹಿಂದಕ್ಕೆ ಓರೆ. ಅದಕ್ಕೇ ಕೈ ಬಿಟ್ರೂ ನೇರ ಹೋಗುದು. ಜೀಪಿಗೂ ಹಾಗೇ.”

ಮೊದಲೆಲ್ಲ ಪರೀಕ್ಷೆಯ ಓಟಕ್ಕೆ ಹೆಂಡತಿ ಜುಲೈಕಾ ಪಕ್ಕದಲ್ಲಿ ಕೂರುತ್ತಿದ್ದರಂತೆ, ಮಡಿಲಲ್ಲಿ ತುಂಬಿದ ನೀರಿನ ಚೆಂಬು ಹಿಡಿದು. ಎಷ್ಟು ಚೆಲ್ಲಿತು ಎಂಬುದರ ಮೇಲೆ ಸ್ಪ್ರಿಂಗಿನ ಲೆಕ್ಕ. “ಸೀರೆ ಒದ್ದೆಯಾದ್ರೆ ನಿಮ್ಗೆ ಊಟ ಇಲ್ಲ ಅಂತಿದ್ಳು.” ಅವರು ತೀರಿಕೊಂಡು ಆರು ವರ್ಷ. ಈಗ ಆ ಸೀಟಿನಲ್ಲಿ ಅವರಷ್ಟೇ ತೂಕದ ಮರಳು ಮೂಟೆ. “ಆ ಬದಿ ಭಾರ ಇಲ್ಲದಿದ್ರೆ ಅಳತೆ ತಪ್ತದೆ,” ಎನ್ನುತ್ತಾರೆ ಹಸನಬ್ಬ. ಒಬ್ಬರೇ ಇರುವ ಅವರಿಗೆ ಕೆಲವು ದಿನ ಮಧ್ಯಾಹ್ನದವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ.

ಹೆಗ್ಡೆಯವರ ಜೊತೆ ಸೂಲಗಿತ್ತಿ ಕುಸುಮ ಬಂದಿದ್ದಾರೆ. ಹಸನಬ್ಬ ಮೂಟೆಯನ್ನು ಸೀಟಿಗೆ ಕಟ್ಟುವುದನ್ನು ನೋಡಿ ಕೇಳುತ್ತಾರೆ, “ಅದು ನಿಮಗೆ ಎಂಥ ಹೇಳ್ತದೆ?”

“ಭಾರ ಹೇಳ್ತದೆ.”

“ನೋವು ಹೇಳ್ತದಾ? ಇಳಿಸಿ ಅದನ್ನು. ನಾನು ಕೂತ್ಕೊಳ್ತೇನೆ.”

“ಬೇಡಮ್ಮ. ತಪ್ಪಾದ್ರೆ ನಾನೊಬ್ನೇ ಬೀಳ್ಬೇಕು.”

“ಇಳಿಸು ಮಾರಾಯ,” ಎನ್ನುತ್ತಾರೆ ಹೆಗ್ಡೆಯವರು. “ಅವರ ಎದುರು ನಾನೇ ಮಾತಾಡುದಿಲ್ಲ.”

ಆಗ ತಾನೇ ಹಾಕಿದ ಗಂಟು ಬಿಚ್ಚಲು ಹಸನಬ್ಬರಿಗೆ ತುಂಬ ಹೊತ್ತು ಹಿಡಿಯುತ್ತದೆ. ಆಮೇಲೆ ಒಳಗೆ ಹೋಗಿ, ಚೆಂಬು ತಂದು, ಹೊಳೆಯಿಂದ ನೀರು ತುಂಬಿಸಿ ಕುಸುಮರ ಕೈಗೆ ಕೊಡುತ್ತಾರೆ.

ಜೀಪು ಹೊಳೆ ಬದಿಯ ಒಣ ಕಲ್ಲುಗಳ ಮೇಲೆ ಹತ್ತಿ ಇಳಿದು ತಿರುಗುತ್ತದೆ. ತಿರುವಿನಲ್ಲಿ ಹಸನಬ್ಬ ಕೈ ಸಡಿಲಿಸುತ್ತಾರೆ. ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತದೆ.

ಮರಳಿ ಬಂದಾಗ ಚೆಂಬಿನಲ್ಲಿ ಉಳಿದದ್ದು ಅರ್ಧ ನೀರು.

“ಹಾಗಾದ್ರೆ ಮಂಗಳೂರೇ,” ಎನ್ನುತ್ತಾರೆ ಹೆಗ್ಡೆಯವರು.

ಕುಸುಮ ಒದ್ದೆ ಸೆರಗು ಹಿಂಡುತ್ತಾರೆ. “ಹೋದ ತಿಂಗಳಾದ್ರೆ ಚೆಂಬೇ ಹಾರಿ ಹೋಗ್ತಿತ್ತು ಧನಿ. ಇಷ್ಟು ಕುಲುಕಾಟ ಹೆಂಗಸರು ತಡ್ಕೊಳ್ತಾರೆ. ಗುಡ್ಡದಲ್ಲಿ ನಿಂತು ಹೋಗುವ ಗಾಡಿ ಮಾತ್ರ ನನಗೆ ಬೇಡ.”

ಹೆಗ್ಡೆಯವರು ಬಗ್ಗಿ ಆಕ್ಸಲನ್ನೊಮ್ಮೆ ನೋಡುತ್ತಾರೆ. “ಇದೇ ಇರಲಿ ಹಾಗಾದ್ರೆ,” ಎಂದು ಹಿಂದೆ ಹತ್ತಿ ಕೂರುತ್ತಾರೆ. ಡ್ರೈವರ್ ಲೋಕನಾಥ ಕೀಲಿ ತೆಗೆದುಕೊಳ್ಳುತ್ತಾನೆ. ಜೀಪು ಹೊರಡುತ್ತದೆ. ಶೆಡ್ಡಿನ ಬಾಗಿಲಲ್ಲಿ ಮೂಟೆ ಉಳಿದಿದೆ. ಹಸನಬ್ಬ ಅದರ ಪಕ್ಕದಲ್ಲೇ ಕೂತು ಚೆಂಬಿನ ಉಳಿದ ನೀರು ಕುಡಿಯುತ್ತಾರೆ.

ಏನಾದರೂ ಆಸೆ ಉಂಟಾ ಎಂದು ಕೇಳಿದರೆ ಖಾಲಿ ಚೆಂಬನ್ನು ಮೂಟೆಯ ಮೇಲೆ ಇಡುತ್ತಾರೆ.

“ಯಾವ ಮಗು, ಯಾರ ಮಗು ಅಂತ ನನಗೆ ಹೇಳುದು ಬೇಡ. ಗುಡ್ಡ ಇಳಿದು ಬಂದ್ಮೇಲೆ ಇಲ್ಲಿ ಒಮ್ಮೆ ಹಾರ್ನ್ ಹೊಡೀಲಿ. ಸಾಕು.”