ಸಾಕಮ್ಮ ಎಂದು ಹೆಸರಿಟ್ಟವಳು

ಮೊನ್ನೆ ಹಸುವಿಗೆ ತೌಡು ತರಲು ನಂಜನಗೂಡಿನ ಹಿಂಡಿ ಅಂಗಡಿಗೆ ಹೋಗಿದ್ದೆ. ಹೊಸ ಮೂಟೆ ಬಿಚ್ಚಿದರು. ಆ ವಾಸನೆಗೆ ನಮ್ಮೂರು ಹೆಮ್ಮಿಗೆಯ ಎದುರುಮನೆ ಅತ್ತೆ ನೆನಪಾದಳು. ನೆಂಟಸ್ತಿಕೆಯ ಅತ್ತೆಯಲ್ಲ, ಕರೆದು ರೂಢಿಯಾದ ಅತ್ತೆ. ನನಗೆ ಸಾಕಮ್ಮ ಎಂದು ಹೆಸರಿಟ್ಟವಳೂ ಅವಳೇ, 'ಸಾಕಾ' ಎಂದು ಮೊಟಕು ಮಾಡಿ ಕರೆಯುತ್ತಿದ್ದವಳೂ ಅವಳೇ.

ಆಗ ನಮ್ಮ ಕಡೆ ಬೀದಿಗೊಬ್ಬಳು ಸಾಕಮ್ಮ. ಸಾಲಾಗಿ ಹೆಣ್ಣು ಹುಟ್ಟಿ ಬೇಸತ್ತವರು 'ಇನ್ನು ಸಾಕು' ಎಂದು ಇಡುತ್ತಿದ್ದ ಹೆಸರು ಅದು. ನಮ್ಮ ಮನೆಯಲ್ಲೋ ನಾನೊಬ್ಬಳೇ. ಒಬ್ಬಳಿಗೇ ಸಾಕಾಗುವುದುಂಟೇ? ಹಾಗಾದರೆ ನಾನು ಸಾಕುಮಗಳೇ ಇರಬೇಕು... ಶಾಲೆಗೆ ಹೋಗುವ ವಯಸ್ಸಿಗೇ ಈ ಹುಳ ತಲೆ ಹೊಕ್ಕಿತ್ತು.

ಮಕ್ಕಳಿಲ್ಲದ ಅತ್ತೆ ಹಾಲಿನ ಕೆನೆಯನ್ನು ನನಗೆಂದೇ ಎತ್ತಿಡುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಹೆರದವಳಿಗೆ ನಾನು ಯಾಕಷ್ಟು ಮುದ್ದು? ಅವ್ವ ಬೇರೆ, ನಾನು ಆ ಹೊಸಿಲು ದಾಟುತ್ತಲೇ ಕೂಗಿ ಕರೆಯುತ್ತಿದ್ದಳು. ಇಬ್ಬರೂ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ನನ್ನ ಗುಮಾನಿ.

ಒಂದು ದಿನ ಅತ್ತೆಯಿಂದ ತಲೆ ಬಾಚಿಸಿಕೊಳ್ಳುತ್ತಾ ಕೇಳಿಯೇಬಿಟ್ಟೆ: "ಅತ್ತೆ, ನಾನು ನಿನ್ ಮಗ್ಳಾ?"

ಬಾಚಣಿಗೆ ನಿಂತಿತು. "ಒಂದ್ ಮೊರ ತೌಡ್ಗೆ ನಿಮ್ಮವ್ವಂಗೆ ಮಾರ್ಬುಟ್ನಲ್ಲ ಕೂಸೇ!" ಎಂದು ನಕ್ಕಳು. ಆ ನಗುವನ್ನೂ ನಾನು ನಂಬಲಿಲ್ಲ.

ಅವಳು ತೀರಿಕೊಂಡ ಮೇಲೆ ಅವ್ವ ಬಾಯಿಬಿಟ್ಟಳು. ನನಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲವಂತೆ. ಇದು ತನ್ನ ಕೂಸಲ್ಲ ಎಂದು ಜವರಾಯನ ಕಣ್ಣಿಗೆ ಮಣ್ಣೆರಚಲು, ಹಿಂದಿನಿಂದ ಬಂದ ವಾಡಿಕೆಯಂತೆ, ನನ್ನನ್ನು ಅತ್ತೆಯ ಮಡಿಲಿಗೆ ಹಾಕಿದಳು. ಮಡಿಲಿಗೆ ಬಿದ್ದ ಕೂಸಿಗೆ ಅತ್ತೆ ಹೆಸರಿಟ್ಟಳು. ಇನ್ನು ಅವ್ವ ತೌಡು ಕೊಟ್ಟು ನನ್ನನ್ನು 'ಕೊಂಡು' ತರಬೇಕಿತ್ತು.

"ಮೊರ ನೀಡುದ್ರೆ ಕೈಯೇ ಚಾಚ್ನಿಲ್ಲ ಕಣವ್ವ. 'ತೌಡು ಬ್ಯಾಡ ಕಣಕ್ಕ, ಕೂಸು ಇಲ್ಲೇ ಇರ್ಲಿ' ಅಂದ್ಬುಟ್ಳು. ನಗ್ತಾನೇ ಅಂದ್ಳು... ಮೊರ ಅಲ್ಲೇ ಮಡ್ಗಿ ನಿನ್ನ ಕಿತ್ಕೊಂಡ್ ಬಂದೆ. ಆವತ್ನಿಂದ ನಿನ್ನ ಅಲ್ಲಿಗ್ ಬುಡಾಕೇ ಭಯ."

ಈಗ ನಾನು ಅಂಗನವಾಡಿ ಟೀಚರ್. ನಮ್ಮಲ್ಲಿ ಸಾನ್ವಿ, ಆದ್ಯ ಎಂಬವರೇ ತುಂಬಿದ್ದಾರೆ. ಅರ್ಥ ಕೇಳಿದರೆ ಅಪ್ಪಂದಿರು ಮೊಬೈಲ್ ತೆಗೆಯುತ್ತಾರೆ. ಸಾಕಮ್ಮ ಒಬ್ಬಳೂ ಇಲ್ಲ. ನನ್ನ ಹೆಸರಿನ ಅರ್ಥ ಹೇಳಬೇಕಾದವಳೂ ಇಲ್ಲ. 'ಇದೊಂದು ಬದುಕಿದರೆ ಸಾಕು' ಎಂದುಕೊಂಡಳೋ, 'ಇವಳನ್ನು ನಾನೇ ಸಾಕುತ್ತೇನೆ' ಎಂದುಕೊಂಡಳೋ... ಅವಳನ್ನೇ ಅನುಮಾನಿಸುತ್ತಾ ಬೆಳೆದೆನಲ್ಲ.

ಅಂಗಡಿಯವನು ನನ್ನ ಚೀಲಕ್ಕೆ ತೌಡು ಸುರಿಯುತ್ತಾ, "ಸಾಕಾ?" ಎಂದ.

"ಓ" ಎಂದು ಓಗೊಟ್ಟು ಹಿಂದಿರುಗಿ ನೋಡಿಬಿಟ್ಟೆ. ಯಾರೂ ಇರಲಿಲ್ಲ. ತೌಡು ಚೀಲ ತುಂಬಿ ನೆಲಕ್ಕೆ ಚೆಲ್ಲುತ್ತಿತ್ತು. ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ.