ಬೆಳ್ಳುಳ್ಳಿ ಹಾಕದ ಒಗ್ಗರಣೆ

ಪಾಠದ ನಡುವೆ ಅಡುಗೆ ಕೋಣೆಯಿಂದ ಬೆಳ್ಳುಳ್ಳಿ ವಾಸನೆ ಬಂದರೆ ಇವತ್ತಿಗೂ ಸೀಮೆಸುಣ್ಣ ಕೆಳಗಿಟ್ಟು ಹೋಗಿ ಬಾಣಲೆ ನೋಡಿ ಬರುತ್ತೇನೆ. ಎಣ್ಣೆಯಲ್ಲಿ ಬೆಳ್ಳುಳ್ಳಿ ಕಂಡರೆ ಸಮಾಧಾನ. "ಇನ್ನೂ ಅನುಮಾನನಾ ಮಿಸ್ಸೇ?" ಎಂದು ಅಡುಗೆಯ ಅಕ್ಕ ನಗುತ್ತಾಳೆ. ಅವತ್ತೂ ಒಲೆಯ ಮುಂದೆ ಇದ್ದವಳು ಅವಳೇ. ಈಗ ಇಲ್ಲದವರು ನಮ್ಮ ವಿಜ್ಞಾನದ ಮೇಡಂ ಮಾತ್ರ...

ಹೇಮಾವತಿ ದಂಡೆಯ ಈ ಹೈಸ್ಕೂಲಿಗೆ ನಾನು ಕನ್ನಡ ಹೇಳಿಕೊಡಲು ಬಂದಾಗ ಅವರು ಆಗಲೇ ಹಳಬರು. ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ರೈಲಿಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು ಬಿರಬಿರನೆ ನಡೆದು ಬರುತ್ತಿದ್ದರು. ಲ್ಯಾಬಿನ ಗಾಜಿನ ಬೀರುವಿನಲ್ಲಿ, ಚರ್ಮದೊಳಗೆ ಹತ್ತಿ ತುಂಬಿ ನಿಲ್ಲಿಸಿದ ಸತ್ತ ಹಕ್ಕಿಗಳಿದ್ದವು. ಕೊಕ್ಕರೆ, ಗೂಬೆ, ಮಿಂಚುಳ್ಳಿ. ಹಿಂದೆ ಶಿಕಾರಿಯ ಶೋಕಿಯಿದ್ದ ಯಾರೋ ಶಾಲೆಗೆ ಕೊಟ್ಟಿದ್ದಂತೆ. ಮಕ್ಕಳಿಗೆ ಅವುಗಳ ಮೈ ಸವರುವ ಆಸೆ. ಮೇಡಂ ಬೀಗವನ್ನೇ ತೆಗೆಯುತ್ತಿರಲಿಲ್ಲ. ನನಗದು ಬರೀ ಬಿಗುಮಾನ ಅನ್ನಿಸಿತ್ತು.

ಒಮ್ಮೆ ಇನ್ಸ್‌ಪೆಕ್ಷನ್ನಿನ ದಿನ ಅವರ ರೈಲು ತಡವಾಯಿತು. ಹೆಡ್‌ಮಾಸ್ಟರು ಬೀಗ ಒಡೆಸಿ, ಕಾಲು ಮುರಿದಿದ್ದ ಕೊಕ್ಕರೆಯನ್ನು ಕಸದ ಜೊತೆ ಅಡುಗೆ ಕೋಣೆಯ ಹಿಂದೆ ಬೆಂಕಿಗೆ ಹಾಕಿಸಿದರು. ಸ್ವಲ್ಪ ಹೊತ್ತಿಗೆ ಘಮ್ಮೆಂದು ಬೆಳ್ಳುಳ್ಳಿ ವಾಸನೆ.

"ನಾನಿನ್ನೂ ಒಗ್ಗರಣೆನೇ ಆಕಿಲ್ವಲ್ಲ," ಎಂದಳು ಅಕ್ಕ. ಹೊಗೆ ಕಿಟಕಿಯಿಂದ ನುಗ್ಗಿ, ಬಾಯಿ ತೆರೆದಿದ್ದ ಸಾರಿನ ಹಂಡೆಯ ಮೇಲೆ ಕವಿಯುತ್ತಿತ್ತು.

ಅಷ್ಟರಲ್ಲಿ ಮೇಡಂ ಗೇಟಿನಿಂದಲೇ ಓಡಿ ಬಂದರು. ಎಲ್ಲರನ್ನೂ ಹೊಗೆ ಬಾರದ ಕಡೆಗೆ ಅಟ್ಟಿ, ಸೆರಗನ್ನು ನೀರಿಗೆ ಅದ್ದಿ ಮೂಗಿಗೆ ಕಟ್ಟಿಕೊಂಡು ಬೆಂಕಿಗೆ ಮಣ್ಣು ಸುರಿದರು. ಆಮೇಲೆ ಹಂಡೆಗೆ ಮುಚ್ಚಳ ಹಾಕಿ ಬಾಗಿಲಿಗೆ ಅಡ್ಡ ನಿಂತರು. "ಈ ಸಾರು ಒಂದು ಮಗೂಗೂ ಬಡಿಸಂಗಿಲ್ಲ."

ಹೆಡ್‌ಮಾಸ್ಟರಿಗೆ ರೇಗಿತು. "ಆಫೀಸರು ಬರೋ ಹೊತ್ತಲ್ಲಿ ಮಕ್ಳನ್ನ ಉಪವಾಸ ಕೂರಿಸ್ತೀರಾ? ಬೇಕಾದ್ರೆ ನಾನೇ ರುಚಿ ನೋಡ್ತೀನಿ, ಬುಡಿ."

"ಪಾಷಾಣಕ್ಕೆ ರುಚಿನೇ ಇಲ್ಲ ಸಾರ್, ಸುಟ್ರೆ ಮಾತ್ರ ಬೆಳ್ಳುಳ್ಳಿ ವಾಸ್ನೆ ಬರ್ತದೆ. ಹುಳ ಹಿಡೀದಿರ್ಲಿ ಅಂತ ಅದನ್ನೇ ಹಕ್ಕಿ ಚರ್ಮದೊಳಗೆಲ್ಲ ಸವರವ್ರೆ. ಇಷ್ಟು ವರ್ಷದಲ್ಲಿ ಆ ಹಕ್ಕಿಗೆ ಒಂದು ನುಸಿನಾದ್ರೂ ಹತ್ತಿತ್ತಾ?"

ಹೆಡ್‌ಮಾಸ್ಟರು ಬಾಳೆಹಣ್ಣು ತರಿಸಿದರು. ಮಕ್ಕಳು ಅದನ್ನೇ ತಿಂದು ಮನೆಗೆ ಹೋದರು. ಬಂದ ಅಧಿಕಾರಿಯ ಬೈಗುಳವೆಲ್ಲ ಮೇಡಂ ಪಾಲಿಗೇ ಬಂತು.

ಮಾರನೆಯ ದಿನ ಅವರು ಕೈಗವಸು ಹಾಕಿ, ನೀರು ಚಿಮುಕಿಸಿ, ಬೂದಿಯನ್ನೂ ಅಲ್ಲಿನ ಮಣ್ಣನ್ನೂ ಡಬ್ಬಿಗೆ ತುಂಬಿ ಬಾಯಿ ಬಿಗಿದರು. ಎಲ್ಲಾದರೂ ಹೂತುಬಿಡಬಾರದೇ ಎಂದು ಕೇಳಿದೆ. ವಿಜ್ಞಾನದಲ್ಲಿ ನಾನು ಮೊದಲಿಂದಲೂ ಅಷ್ಟಕ್ಕಷ್ಟೇ.

"ಹೂತ್ರೆ ಬಾವಿಗೆ ಇಳೀತದೆ, ಸುಟ್ರೆ ಗಾಳಿಗೆ ಸೇರ್ತದೆ. ಅದು ಕೊಳೆಯೋ ಪದಾರ್ಥ ಅಲ್ಲ ಕಣಮ್ಮ."

ಡಬ್ಬಿಯೂ ಉಳಿದ ಹಕ್ಕಿಗಳೂ ಹೊಸ ಬೀಗದೊಳಗೆ ಸೇರಿದವು. ಅವನ್ನು ವಿಷದ ಕಸ ವಿಲೇವಾರಿ ಮಾಡುವವರೇ ಬಂದು ಒಯ್ಯಬೇಕೆಂದು ಮೇಡಂ ವರ್ಷಗಟ್ಟಲೆ ಅಲೆದರು. ಒಂದು ಕಚೇರಿಯವರು ಇನ್ನೊಂದು ಕಚೇರಿಯ ಬಾಗಿಲು ತೋರಿಸುತ್ತಿದ್ದರು. ಚಪ್ಪಲಿ ಸವೆಯಿತು, ಹಟ ಸವೆಯಲಿಲ್ಲ. ಹೆಡ್‌ಮಾಸ್ಟರು ಮಾತ್ರ ಆಮೇಲೆ ಅವರಿಗೆ ರಜೆ ಕೊಡಲು ಎಂದೂ ತಕರಾರು ಮಾಡಲಿಲ್ಲ. ನಿವೃತ್ತಿಯ ದಿನ, ಹಾರ ಇನ್ನೂ ಕೊರಳಲ್ಲಿರುವಾಗಲೇ, ಮೇಡಂ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು.

"ನಾನು ರಿಟೈರಾಯ್ತೀನಿ, ಅದು ಆಗಲ್ಲ. ನೋಡ್ಕೊ."

ನೋಡಿಕೊಂಡೆ. ಬೀರು ಖಾಲಿ ಮಾಡಿ ಎಂದವರಿಗೆಲ್ಲ ಅವರಂತೆಯೇ ಅಡ್ಡ ನಿಂತೆ. ಅವರು ತಟ್ಟಿದ್ದ ಬಾಗಿಲುಗಳನ್ನೇ ಮತ್ತೆ ತಟ್ಟಿದೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗಲೂ ಒಂದು ಕಚೇರಿಯ ಬೆಂಚಿನ ಮೇಲೆ ಕೂತಿದ್ದೆ...

ಹೋದ ವಾರ ವಿಷದ ಕಸ ಒಯ್ಯುವ ಗಾಡಿ ಕೊನೆಗೂ ಬಂತು. ಮುಖ ಮುಚ್ಚಿಕೊಂಡ ಇಬ್ಬರು ಡಬ್ಬಿ, ಗೂಬೆ, ಮಿಂಚುಳ್ಳಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಒಯ್ದರು. ಖಾಲಿ ಬೀರುವಿನ ಮುಂದೆ ನಿಂತಾಗ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಅದೂ ರಿಟೈರಾಯಿತು ಮೇಡಂ, ಎಂದು ಹೇಳೋಣವೆಂದರೆ ಕೇಳಲು ಅವರಿಲ್ಲ.